ಸಾಲುಧೂಪದ ನೆರಳು

ಕನ್ನಡ ಎಂ.ಎ. ಮಾಡಿದವರಿಗೆ ಮರಗಳ ಹೆಸರು ಬಾಯಿಪಾಠವಾಗಿರುತ್ತದೆ. ಮುಖಪರಿಚಯ ಮಾತ್ರ ಕಡಮೆ. ನಮ್ಮ ಪೂರ್ವಕವಿಗಳು ಅಷ್ಟಾದಶ ವರ್ಣನೆಗಳ ಪೈಕಿ ವನವರ್ಣನೆಗೆ ಕೈಹಾಕಿದರೆಂದರೆ ತಿಲಕ, ಕುರವಕ, ವಕುಳ, ಪುನ್ನಾಗ, ಕರ್ಣಿಕಾರ ಎಂದು ಒಂದೇ ಉಸಿರಿನಲ್ಲಿ ಇಡೀ ಕಾಡನ್ನೇ ತಂದು ಎದುರಿಗೆ ನಿಲ್ಲಿಸುತ್ತಾರೆ. ತರಗತಿಯಲ್ಲಿ ಯಾವನಾದರೂ ಕುತೂಹಲಿ ಎದ್ದುನಿಂತು, "ಸಾರ್, ಕುರವಕ ಅಂದರೆ ಯಾವ ಮರ?" ಎಂದು ಕೇಳಿದರೆ, "ಒಂದು ಬಗೆಯ ಹೂಮರ" ಎಂದು ಹೇಳಿ ಮುಂದಿನ ಪದ್ಯಕ್ಕೆ ನೆಗೆಯುವ ಕಲೆ ನಮ್ಮ ವೃತ್ತಿಯಲ್ಲಿ ಗುರುಪರಂಪರೆಯಿಂದ ಬಂದದ್ದು. ಕವಿಯೇನೂ ಆ ಮರವನ್ನು ನೆಡಬೇಕಾಗಿರಲಿಲ್ಲ. ಪಾಠ ಹೇಳುವವನೂ ನೆಡಬೇಕಾಗಿಲ್ಲ. ಆದರೆ ಸ್ವಂತದ್ದೆಂದು ಒಂದು ಮನೆ ಕಟ್ಟಿ, ಅದರ ಪಡುವಣ ಗೋಡೆ ಮಧ್ಯಾಹ್ನ ಮೂರರ ಬಿಸಿಲಿಗೆ ಕಾದ ಕಾವಲಿಯಾಗತೊಡಗಿದಾಗ, ಯಾವುದಾದರೂ ಒಂದು ಮರವನ್ನು ಹೆಸರಿನಿಂದಲ್ಲದೆ ಬೇರಿನಿಂದಲೂ ತಿಳಿದುಕೊಳ್ಳುವುದು ಅನಿವಾರ್ಯವಾಗುತ್ತದೆ.

ಆ ಅನಿವಾರ್ಯ ನನಗೆ ಒದಗಿದ್ದ ದಿನಗಳಲ್ಲೇ ಅಮೆರಿಕದ ಬಾಸ್ಟನ್ನಿನ ಬಳಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಪತ್ರವೆಂದರೆ ಈಗಿನ ಕಾಲದ ಪತ್ರ. ಅಂಚೆಯವನ ಹಂಗಿಲ್ಲದೆ ಬಂದದ್ದು. ಅವನೂ ಅಲ್ಲಿ ಮನೆ ಕೊಂಡಿದ್ದ. ಮುಂದುಗಡೆ ನೆರಳಿಗಾಗಿ ಮೇಪಲ್ ಮರ ನೆಟ್ಟಿದ್ದ. ಆದರೆ ಆ ಊರಿನಲ್ಲಿ ಯಾವ ಮೇಪಲ್ ಬೇಕಾದರೂ ನೆಡುವಂತಿಲ್ಲವಂತೆ. ಯೂರೋಪಿನಿಂದ ತಂದ ನಾರ್ವೆ ಮೇಪಲ್ ಎಂಬುದೊಂದಿದೆ. ಹಿಂದೆ ಅಲ್ಲಿಯ ಬೀದಿಗಳಿಗೆ ನೆರಳು ಕೊಡುತ್ತಿದ್ದ ಎಲ್ಮ್ ಮರಗಳು ಇಪ್ಪತ್ತನೆಯ ಶತಮಾನದಲ್ಲಿ ರೋಗ ತಗುಲಿ ಸಾಲುಸಾಲಾಗಿ ಒಣಗಿದಾಗ, ಧೂಳು, ಹೊಗೆ, ಚಳಿ ಎಲ್ಲಕ್ಕೂ ಜಗ್ಗದ ಈ ಪರದೇಶಿ ಮೇಪಲನ್ನು ಎಲ್ಲೆಲ್ಲಿಯೂ ನೆಟ್ಟರು. ನೆರಳೇನೋ ದಟ್ಟವಾಗಿ ಬಂದಿತು. ಬೀಜಗಳು ಮಾತ್ರ ರೆಕ್ಕೆ ಬಿಚ್ಚಿ ಹಾರಿ ಕಾಡು ಸೇರಿಕೊಂಡವು; ಅದರ ದಟ್ಟನೆರಳಿನಲ್ಲಿ ಅಲ್ಲಿಯ ಸಹಜ ಸಸಿಗಳು ತಲೆಯೆತ್ತದಾದವು. ಈಗ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆ ಮರದ ಮಾರಾಟಕ್ಕೇ ನಿಷೇಧ. ಆದ್ದರಿಂದ ನನ್ನ ಶಿಷ್ಯ ಆ ನೆಲದ್ದೇ ಆದ ಕೆಂಪು ಮೇಪಲನ್ನು ಹುಡುಕಿ ತಂದು ನೆಟ್ಟಿದ್ದ. ಕೊನೆಯಲ್ಲಿ ಕೇಳಿದ್ದ: "ನೀವು ಸಾಗರದಲ್ಲಿ ಮನೆ ಕಟ್ಟಿಸಿದಿರೆಂದು ಕೇಳಿದೆ. ನೀವು ಯಾವ ಮರ ಹಾಕಿದಿರಿ ಸಾರ್?"

ಹಿಮಾಲಯದ ಮಗ್ಗುಲಲ್ಲಿ ಮೇಪಲ್ಲಿನ ಬಂಧುಗಳು ಹಲವರಿದ್ದಾರೆ. ನಮ್ಮ ಮಲೆನಾಡಿನಲ್ಲಿ ಆ ವಂಶದ ಸುಳಿವಿಲ್ಲ. ಹಾಗಾದರೆ ಇಲ್ಲಿ ಆ ಸ್ಥಾನ ಯಾರದು?

ನಮ್ಮ ಬಡಾವಣೆಯನ್ನು ನೋಡಿ ಉತ್ತರ ಹೇಳುವುದಾದರೆ, ಭೂಗೋಳದ ಪುಸ್ತಕವನ್ನೇ ತೆರೆಯಬೇಕಾಗುತ್ತದೆ. ಮೂಲೆಯ ಮನೆಯ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಆಟದ ಮೈದಾನದ ಮಳೆಮರ ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದದ್ದು. ಬೆಂಗಳೂರಿನಲ್ಲಿ ಇವೆಲ್ಲ ಶೋಭಿಸುತ್ತವೆ. 1908ರಲ್ಲಿ ಅಲ್ಲಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಮಹಾಶಯರು, ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದರೆಂಬುದು ಪ್ರಸಿದ್ಧವಾದ ಮಾತು. ಅವರೊಡನೆ ನನಗೆ ಜಗಳವಿಲ್ಲ. ಆದರೆ 1980ರ ದಶಕದಿಂದೀಚೆಗೆ ನಮ್ಮ ಗುಡ್ಡಗಳ ಮೇಲೆಲ್ಲ ಎದ್ದುನಿಂತಿರುವ ಅಕೇಶಿಯಾ ನೆಡುತೋಪುಗಳನ್ನು ಕಂಡಾಗ ಮನಸ್ಸಿಗೆ ಒಗ್ಗುವುದಿಲ್ಲ. ಆಸ್ಟ್ರೇಲಿಯ, ನ್ಯೂಗಿನಿಯ ಕಡೆಯ ಆ ಮರ ಬೇಗ ಬೆಳೆಯುತ್ತದೆ, ನಿಜ. ಅದರ ಕೆಳಗೆ ಬಿದ್ದ ಎಲೆ ಬೇಗ ಕೊಳೆಯದು, ಹುಲ್ಲು ಏಳದು, ದನ ಬಾಯಿಹಾಕದು. ನೆರಳಿದ್ದರೂ ಅಲ್ಲಿ ಕುಳಿತವರನ್ನು ನಾನು ಕಂಡಿಲ್ಲ.

ಮನೆಯಲ್ಲಿ ಈ ಪ್ರಶ್ನೆಗೆ ಎರಡು ಪಕ್ಷಗಳಾದವು. ಮನೆಯಾಕೆಯ ವಾದ ಸರಳವಾದದ್ದು: "ಮೂರು ನಾಲ್ಕು ವರ್ಷದಲ್ಲಿ ಗೋಡೆಗೆ ನೆರಳು ಬೀಳಬೇಕು. ಅಡಿಗೆಮನೆಯಲ್ಲಿ ನಿಲ್ಲುವವಳು ನಾನು." ಇದಕ್ಕೆ ಎದುರಾಡಲು ಯಾವ ಅಲಂಕಾರಶಾಸ್ತ್ರವೂ ನೆರವಾಗದು. ಎದುರು ಪಕ್ಷದಲ್ಲಿದ್ದವರು ನನ್ನ ತಂದೆ. ಅವರು ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಗೃಹಪ್ರವೇಶಕ್ಕೆಂದು ಬಂದವರು ನಾಲ್ಕು ದಿನ ನಿಂತಿದ್ದರು. ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ಎರಡು ಸುತ್ತು ತಿರುಗಿ, "ಸಾಲುಧೂಪ ಹಾಕು" ಎಂದರು. ಅಷ್ಟೇ.

ಸಾಲುಧೂಪವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಇದು ಪಶ್ಚಿಮಘಟ್ಟದಲ್ಲಲ್ಲದೆ ಪ್ರಪಂಚದ ಬೇರೆಲ್ಲಿಯೂ ತಾನಾಗಿ ಹುಟ್ಟದ ಮರ. ನೂರಡಿ ಮೀರಿ ಬೆಳೆಯುತ್ತದೆ. ಬೂದುಬಣ್ಣದ ನೆಟ್ಟನೆಯ ಕಾಂಡ, ಗೇಣುದ್ದದ ದಪ್ಪ ಎಲೆ, ವರುಷವಿಡೀ ಹಸುರು. ಮಾಗಿ ಕಳೆದು ಬೇಸಗೆ ಕಾಲಿಡುವಾಗ ಗೊಂಚಲುಗೊಂಚಲಾಗಿ ಬಿಳಿಯ ಹೂ. ಹತ್ತಿರ ಹೋಗುವ ಮೊದಲೇ ಪರಿಮಳ ಎದುರುಗೊಳ್ಳುತ್ತದೆ. ತೊಗಟೆಗೆ ಪೆಟ್ಟಾದಲ್ಲಿ ಒಸರುವ ಅಂಟು ಗಟ್ಟಿಯಾಗಿ ಧೂಪವಾಗುತ್ತದೆ. ದೇವರ ಮುಂದೆ ಕೆಂಡಕ್ಕೆ ಬೀಳುವುದೂ ಅದೇ, ಹಿಂದೆ ವಾರ್ನಿಷಿಗೆ ಸೇರುತ್ತಿದ್ದುದೂ ಅದೇ. ಮಲಬಾರಿನ ಸಸ್ಯಸಂಪತ್ತನ್ನು ಕುರಿತು ಡಚ್ಚರ ವಾನ್ ರೀಡೆ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಇದರ ವಿವರವಿದೆ. 1753ರಲ್ಲಿ ಲಿನ್ನೇಯಸ್ ಇದಕ್ಕೆ ವಟೇರಿಯ ಇಂಡಿಕ ಎಂದು ನಾಮಕರಣ ಮಾಡಿದ.

ಧೂಪವೆಂಬ ಹೆಸರಿನ ಮರಗಳು ನಮ್ಮಲ್ಲಿ ಒಂದಲ್ಲ. ಕಪ್ಪು ರಾಳ ಕೊಡುವ ರಾಳಧೂಪ ಬೇರೆ. ಊದುಬತ್ತಿಗೆ ಸೇರುವ ಹಾಲುಮಡ್ಡಿಯ ಮರ ಬೇರೆ. ಸಸಿ ಕೊಳ್ಳಹೋದವರು "ಧೂಪ" ಎಂದಷ್ಟೇ ಕೇಳಿದರೆ ಯಾವುದು ಕೈಗೆ ಬರುವುದೋ ಹೇಳಲಾಗದು. ಅಮೆರಿಕದ ಮೇಪಲ್ ಮುಪ್ಪಿನಲ್ಲಿ ಕೆಂಪಾಗುತ್ತದೆ, ಎಲೆ ಉದುರುವ ಮುನ್ನ. ನಮ್ಮ ಮರಗಳು ಕೆಂಪಾಗುವುದು ಎಳೆತನದಲ್ಲಿ. ಸಾಲುಧೂಪದ ತಳಿರು ನಸುಗೆಂಪು. ರಾಳಧೂಪದ್ದಂತೂ ದೂರದಿಂದ ಕಂಡವರಿಗೆ ಹೂವೆಂದೇ ಭ್ರಾಂತಿ ಹುಟ್ಟಿಸುವಂಥದು. ಕವಿಗಳ 'ಕೆಂದಳಿರು' ಉತ್ಪ್ರೇಕ್ಷೆಯೆಂದು ತಿಳಿದಿದ್ದ ನನ್ನಂಥವರು ಒಮ್ಮೆ ಮಾರ್ಚಿಯಲ್ಲಿ ನಗರದ ಕಡೆಯ ಘಟ್ಟಕ್ಕೆ ಹೋಗಿಬರಬೇಕು.

ಇನ್ನು 'ಸಾಲು' ಎಂಬ ವಿಶೇಷಣ. ಈ ಮರವನ್ನು ದಾರಿಯ ಇಕ್ಕೆಲದಲ್ಲಿ ಸಾಲಾಗಿ ನೆಡುತ್ತಿದ್ದುದರಿಂದ ಆ ಹೆಸರು ಬಂತೆಂದು ತೋರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಹಳೆಯ ದಾರಿಗಳಲ್ಲಿ ಅಲ್ಲಲ್ಲಿ ಇಂಥ ಮುದಿಮರಗಳು ಉಳಿದಿವೆ. ಕೆಳದಿಯ ಅರಸರ ಕಾಲದಲ್ಲಿ ನೆಟ್ಟವು ಎಂದು ಹಿರಿಯರು ಹೇಳುತ್ತಾರೆ. ಆ ಮಾತಿಗೆ ನೆಲದ ಸಾಕ್ಷ್ಯ ಒಪ್ಪುವಂತಿದೆ. ಅರಸರ ಮೊದಲ ನೆಲೆ ಕೆಳದಿ, ಅನಂತರದ ಇಕ್ಕೇರಿ ಎರಡೂ ಸಾಗರ ತಾಲ್ಲೂಕಿನವು. ಬಿದನೂರು, ಎಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನದು. ಕವಲೇದುರ್ಗ ತೀರ್ಥಹಳ್ಳಿಗೆ ಸೇರಿದ್ದು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಅಕ್ಕಿ, ಮೆಣಸು, ಅಡಿಕೆ ಹೊತ್ತ ಹೇರೆತ್ತುಗಳು ಈ ದಾರಿಗಳಲ್ಲೇ ಘಟ್ಟವಿಳಿದು ಕಡಲ ಬಂದರುಗಳಿಗೆ ಹೋಗುತ್ತಿದ್ದುವು. ಬರುವಾಗ ಉಪ್ಪು ತರುತ್ತಿದ್ದುವು. ಮಲೆನಾಡಿನ ಮನೆಯ ಅಂಗಳಕ್ಕೆ ಮರದ ನೆರಳು ಬೇಕಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅಂಗಳವಿರುವುದು ಅಡಿಕೆ ಒಣಗಿಸಲು. ಅಲ್ಲಿ ಬಿಸಿಲೇ ಐಶ್ವರ್ಯ. ಬೇಸಗೆಗೆ ಸೋಗೆಯ ಚಪ್ಪರ ಎದ್ದರೆ ಮನೆಯವರಿಗೆ ಸಾಕು. ಮರದ ನೆರಳು ಬೇಕಾದದ್ದು ದಾರಿಹೋಕನಿಗೆ, ಭಾರ ಹೊತ್ತ ಎತ್ತಿಗೆ.

ತಂದೆಯವರಿಗೆ ಈ ಚರಿತ್ರೆಯೆಲ್ಲ ಬೇಕಿರಲಿಲ್ಲ. ಅವರ ಕಾರಣ ಬೇರೆಯಿತ್ತು.

ನಮ್ಮ ಮೂಲದ ಮನೆ ಶರಾವತಿಯ ದಂಡೆಯದು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ಆ ಕಣಿವೆಯ ಊರುಗಳೆಲ್ಲ ನೀರಿನಡಿಗೆ ಹೋದವು, ನಮ್ಮದೂ ಹೋಯಿತು. ಅದರ ಹಿಂದಿನ ಬೇಸಗೆಯಲ್ಲಿ ಮನೆಯ ಪಾತ್ರೆಪಡಗ, ಬಾಗಿಲು, ಕಂಬಗಳು ಲಾರಿಯಲ್ಲಿ ಹೋದವು. ದನಗಳನ್ನು ಲಾರಿಗೆ ಹತ್ತಿಸಲಾಗಲಿಲ್ಲ. ಅವನ್ನು ಹೊಡೆದುಕೊಂಡು ಹೊಸ ಜಾಗಕ್ಕೆ ನಡೆದು ಹೋದವರು ನನ್ನ ದೊಡ್ಡಜ್ಜ ಮತ್ತು ಹದಿಮೂರು ವರುಷದ ನನ್ನ ತಂದೆ. ಮೂರು ದಿನದ ದಾರಿ. ಎರಡನೆಯ ದಿನ ಮಧ್ಯಾಹ್ನ, ಕರು ಕಾಲೆಳೆಯತೊಡಗಿದಾಗ, ಸಾಲುಧೂಪದ ಮರಗಳ ಕೆಳಗೆ ದನಗಳನ್ನು ನಿಲ್ಲಿಸಿದರಂತೆ. ಆ ಪ್ರಯಾಣದ ಬಗ್ಗೆ ತಂದೆಯವರು ಮಾತಾಡುವುದು ಅಪರೂಪ. ಮಾತಾಡಿದಾಗಲೂ ಮುಳುಗಿದ ಮನೆಯನ್ನಾಗಲಿ ತೋಟವನ್ನಾಗಲಿ ಎತ್ತುವುದಿಲ್ಲ. "ದನದ ಬೆನ್ನ ಮೇಲೆಲ್ಲ ಬಿಳೀ ಹೂವು ಬಿದ್ದಿತ್ತು" ಎನ್ನುತ್ತಾರೆ. ಮಳೆ ಕೈಕೊಟ್ಟ ವರುಷಗಳಲ್ಲಿ ಲಿಂಗನಮಕ್ಕಿಯ ನೀರು ಇಳಿದು, ಸತ್ತ ಮರಗಳ ಬೊಡ್ಡೆಗಳು ಸಾವಿರಗಟ್ಟಲೆ ಹೊರಗೆ ಕಾಣುತ್ತವೆ. ಜನ ಅದನ್ನು ನೋಡಲು ಹೋಗುತ್ತಾರೆ. ಅವರು ಒಮ್ಮೆಯೂ ಹೋಗಿಲ್ಲ.

ಗೃಹಪ್ರವೇಶ ಕಳೆದ ಬಳಿಕ ಜುಲೈ ತಿಂಗಳಲ್ಲಿ ದೂರವಾಣಿಯಲ್ಲಿ ಕರೆದರು. "ಬೀಜ ಬೀಳ್ತಾ ಇದೆ. ಈ ಭಾನುವಾರ ಬಾ."

"ಪರೀಕ್ಷೆಯ ಕೆಲಸವಿದೆ ಅಪ್ಪಯ್ಯ. ಮುಂದಿನ ತಿಂಗಳು ಬಂದರಾಗದೆ?"

"ನಿನ್ನ ಪರೀಕ್ಷೆ ಕಾಯ್ತದೆ. ಬೀಜ ಕಾಯೂದಿಲ್ಲ ಮಾರಾಯ."

ಇದು ಹಠದ ಮಾತೆಂದು ಭಾವಿಸಿದ್ದೆ; ಆಮೇಲೆ ಓದಿ ನೋಡಿದರೆ ಸಸ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಭತ್ತ, ರಾಗಿಗಳಂತೆ ಒಣಗಿಸಿ ಕಣಜದಲ್ಲಿಡುವ ಬೀಜ ಇದಲ್ಲ. ತೇವ ಆರಿತೆಂದರೆ ಜೀವ ಹೋಯಿತು. ಮಳೆಗಾಲದಲ್ಲಿ ಬಿದ್ದು, ಒಂದೆರಡು ವಾರದಲ್ಲಿ ಮೊಳೆತರೆ ಉಂಟು. ಇದರ ಕುಲದ ಬಹುಪಾಲು ಮರಗಳ ಕಾಯಿಗೆ ರೆಕ್ಕೆಗಳಿದ್ದು, ಗಾಳಿಯಲ್ಲಿ ಗಿರಕಿ ಹೊಡೆಯುತ್ತ ದೂರ ಹೋಗುತ್ತವೆ. ಸಾಲುಧೂಪಕ್ಕೆ ಆ ಸೌಭಾಗ್ಯವಿಲ್ಲ. ದಪ್ಪ ಕಾಯಿ, ಒಳಗೊಂದೇ ಬೀಜ, ತಾಯಿಯ ಬುಡದಲ್ಲೇ ಪತನ. ಆ ಬೀಜದಲ್ಲಿ ತುಪ್ಪದಂತೆ ಹೆಪ್ಪುಗಟ್ಟುವ ಕೊಬ್ಬಿದೆ. ಸಾಬೂನಿಗೂ ಮೇಣದಬತ್ತಿಗೂ ಅದು ಬೇಕು; ಚಾಕಲೇಟು ಮಾಡುವವರು ಕೋಕೋ ಬೆಣ್ಣೆಯ ಜೊತೆಗೆ ಅದನ್ನು ಬೆರೆಸುವುದುಂಟು. ಆದ್ದರಿಂದ ಕಾಡಿನಲ್ಲಿ ಬಿದ್ದ ಬೀಜವನ್ನು ಗೋಣಿಗೆ ತುಂಬುವವರಿದ್ದಾರೆ. ಮರ ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಒದಗುತ್ತದೆಂದು ಹಿಂದೆ ಬೇಕಾದಷ್ಟು ಕಡಿದರು. ಹೀಗೆ ಎರಡೂ ಕಡೆಯಿಂದ ಸವೆದು, ಇದರ ಹೆಸರು ಅಪಾಯದಲ್ಲಿರುವ ಮರಗಳ ಪಟ್ಟಿಗೆ ಸೇರಿದೆ.

ಭಾನುವಾರ ಮಗಳನ್ನೂ ಕರೆದುಕೊಂಡು ಹೋದೆ. ತಂದೆಯವರು ಕೊಡೆ, ಕತ್ತಿ, ಎರಡು ಬುಟ್ಟಿಗಳೊಡನೆ ಸಿದ್ಧರಾಗಿ ನಿಂತಿದ್ದರು. ಹೊಸನಗರದಿಂದ ನಗರದ ಕಡೆಗೆ ಹೋಗುವ ದಾರಿಯಲ್ಲಿ ಒಂದೆಡೆ ವಾಹನ ನಿಲ್ಲಿಸಹೇಳಿದರು. ಅರವತ್ತು ವರುಷದ ಹಿಂದಿನ ಗುರುತು ಹೇಗೆ ಹಿಡಿದರೋ ಕಾಣೆ. ಒಂದು ತಿರುವು, ಒಂದು ಮೋರಿ, ಅದರಾಚೆ ಐದು ಮರ. "ಆಗ ಹನ್ನೊಂದಿದ್ದವು" ಎಂದರು. ಮಳೆ ಧೋ ಎಂದು ಸುರಿಯುತ್ತಿತ್ತು. ಮರದ ಕೆಳಗೆ ಬಂದರೆ ಬರೀ ಹನಿ. ಹಳೆಯ ಕಾಂಡಗಳ ಬುಡದಲ್ಲಿ ಎಂದೋ ಧೂಪಕ್ಕೆಂದು ಕಚ್ಚು ಹಾಕಿದ ಗಾಯಗಳು ತುಟಿಯಂತೆ ದಪ್ಪವಾಗಿ ಮಾಗಿದ್ದವು. ಐದರಲ್ಲಿ ಮೂರು ಮರಗಳ ಮೈಮೇಲೆ ಬಣ್ಣದಲ್ಲಿ ಅಂಕಿಗಳನ್ನು ಬರೆದಿದ್ದರು.

"ಅಜ್ಜಯ್ಯ, ಮರಕ್ಕೆ ಯಾಕೆ ನಂಬರು?" ಎಂದು ಮಗಳು ಕೇಳಿದಳು.

ದಾರಿ ಅಗಲವಾಗಬೇಕಾದರೆ ಮೊದಲು ಮರಗಳಿಗೆ ಅಂಕಿ ಬೀಳುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ದಾರಿ ಅಗಲವಾಗಬಾರದೆಂದು ನಾನು ಹೇಳಲಾರೆ. ಆ ತಿರುವಿನಲ್ಲಿ ಬಸ್ಸಿಗೆ ಎದುರಾಗುವ ಲಾರಿಯನ್ನು ಕಂಡವರಾರೂ ಹಾಗೆ ಹೇಳಲಾರರು. ಆಸ್ಪತ್ರೆಗೆ ಹೋಗುವವರೂ ಅದೇ ದಾರಿಯಲ್ಲಿ ಹೋಗಬೇಕು. ಆದರೆ ಕಡಿದ ಮರದ ಬದಲಿಗೆಂದು ನೆಡುವ ಸಸಿ ಯಾವ ಜಾತಿಯದು ಎಂಬುದನ್ನು ಕೇಳುವವರು ಬೇಕು. ಬೇರೊಂದು ದಾರಿಯಲ್ಲಿ ನೂರಾರು ವರುಷದ ಮರಗಳು ಹೋದ ಜಾಗದಲ್ಲಿ ಅಲಂಕಾರದ ವಿದೇಶೀ ಗಿಡಗಳನ್ನು ಸಾಲಾಗಿ ನೆಟ್ಟಿರುವುದನ್ನು ಕಂಡಿದ್ದೇನೆ. ಅವು ಎಂದಿಗೂ ಒಂದು ಕರುವಿಗಾಗುವಷ್ಟು ನೆರಳು ಕೊಡಲಾರವು.

ತಂದೆಯವರು ಮೊಮ್ಮಗಳಿಗೆ, "ಲೆಕ್ಕ ತಪ್ಪಬಾರದಲ್ಲ, ಅದಕ್ಕೆ" ಎಂದು ಹೇಳಿ, ಅಂಕಿ ಬಿದ್ದ ಮರಗಳ ಕೆಳಗೇ ಮೊದಲು ಆರಿಸತೊಡಗಿದರು.

ಮೂವತ್ತು ಬೀಜ ತಂದೆವು. ಅರ್ಧಕ್ಕರ್ಧ ಬೀಜ ಆಗಲೇ ಬಾಯಿ ಬಿಟ್ಟು ಮೊಳಕೆ ಇಣುಕುತ್ತಿತ್ತು. ಚೀಲಗಳಿಗೆ ಕೆಮ್ಮಣ್ಣು, ಕಾಡಿನ ಎಲೆಗೊಬ್ಬರ ತುಂಬಿ, ಬೀಜ ಅರ್ಧ ಹೂಳುವಂತೆ ಇಟ್ಟು, ಹಳ್ಳಿಯ ಮನೆಯ ಹಿಂದಿನ ಹಲಸಿನ ಮರದ ನೆರಳಿನಲ್ಲಿ ಜೋಡಿಸಿದೆವು. ಆಲ, ಅತ್ತಿಗಳ ಜಾತಿಗೆ ಇಷ್ಟು ಉಪಚಾರ ಬೇಡ. ದಪ್ಪ ಕೊಂಬೆಯನ್ನು ಕಡಿದು ಗೂಟದಂತೆ ನೆಟ್ಟರೂ ಚಿಗುರುತ್ತದೆ. ಸಾಲುಧೂಪಕ್ಕೆ ಬೀಜವೇ ಗತಿ. ಮೊದಲ ಕೆಲವು ವರುಷ ಅದಕ್ಕೆ ಇನ್ನೊಂದು ಮರದ ನೆರಳೂ ಬೇಕು. ಮುಂದೆ ನೆರಳು ಕೊಡಬೇಕಾದ ಮರ ಬಾಲ್ಯದಲ್ಲಿ ಬಿಸಿಲು ತಾಳಲಾರದು. ಮೂವತ್ತರಲ್ಲಿ ಹತ್ತೊಂಬತ್ತು ಮೊಳೆತವು. ದೀಪಾವಳಿಗೆ ಹದಿನಾಲ್ಕು ಉಳಿದವು. ಬೇಸಗೆ ದಾಟಿದ್ದು ಒಂಬತ್ತು.

ಈ ನಡುವೆ ಸಾಗರದ ಮನೆಯ ಪ್ರಶ್ನೆ ಇತ್ಯರ್ಥವಾಗಿತ್ತು. ನಾಲ್ವತ್ತು ಅರುವತ್ತರ ನಿವೇಶನದಲ್ಲಿ ನೂರಡಿಯ ಮರ ನೆಡುವುದು ಅವಿವೇಕವೆಂದು ಮನೆಯಾಕೆ ಹೇಳಿದಾಗ ತಂದೆಯವರೇ ತಲೆದೂಗಿದರು. "ಸೊಸೆ ಹೇಳೂದು ಸರಿ. ಗೋಡೆಗೆ ಹೊಂಗೆ ಸಾಕು" ಎಂದರು. ಹೊಂಗೆಯೂ ನಮ್ಮ ನಾಡಿನದೇ; ನಾಲ್ಕೈದು ವರುಷದಲ್ಲಿ ತಲೆಯ ಮೇಲೆ ಕೊಡೆ ಹಿಡಿಯುತ್ತದೆ, ಎಳೆಯದರಲ್ಲೇ ಬಿಸಿಲನ್ನು ತಾಳುತ್ತದೆ. ಗೋಡೆಯಿಂದ ಹದಿನೈದಡಿ ದೂರದಲ್ಲಿ ನೆಟ್ಟೆವು. ಈಗ ಕಿಟಕಿಯ ಎತ್ತರ ದಾಟಿದೆ. ಹಳಗನ್ನಡದಲ್ಲಿ ನೆರಳಿಗೆ 'ನೆಳಲ್' ಎನ್ನುತ್ತಾರೆ. ತಂಪಾದ ನೆರಳು 'ತಣ್ಣೆಳಲ್'. ಈ ಪದಗಳನ್ನು ಹನ್ನೆರಡು ವರುಷಗಳಿಂದ ಪಾಠ ಹೇಳುತ್ತಿರುವ ನನಗೆ, ಸಂಜೆ ನಾಲ್ಕರ ಹೊತ್ತಿಗೆ ಅಡಿಗೆಮನೆಯ ಗೋಡೆಯ ಮೇಲೆ ಒಂದು ಮೊಳ ಅಗಲದ ತಣ್ಣೆಳಲ್ ಅಲುಗಾಡುವುದನ್ನು ನೋಡುವುದು ಹೊಸ ಅನುಭವ.

ಉಳಿದ ಒಂಬತ್ತು ಸಸಿಗಳಲ್ಲಿ ಎರಡನ್ನು ಕಾಲೇಜಿಗೆ ಕೊಟ್ಟೆ. ಏಳನ್ನು ಹಳ್ಳಿಯಲ್ಲೇ, ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಗಾಡಿದಾರಿಯ ಪಕ್ಕದಲ್ಲಿ ನೆಡುವುದೆಂದು ತಂದೆಯವರು ತೀರ್ಮಾನಿಸಿದರು. ಮುಳುಗಡೆಯಿಂದ ಬಂದವರ ಜಾಗದ ಕಥೆ ಈ ಭಾಗದವರೆಲ್ಲ ಬಲ್ಲರು. ಅರುವತ್ತು ವರುಷ ಕಳೆದರೂ ಎಷ್ಟೋ ಮನೆತನಗಳಿಗೆ ಹಕ್ಕುಪತ್ರದ ತೊಡಕು ಹರಿದಿಲ್ಲ. ನಮ್ಮ ಅಡಿಕೆ ತೋಟದ ಒಂದು ಭಾಗವೂ, ಆ ಗಾಡಿದಾರಿಯೂ ಅಂಥ ತೊಡಕಿನಲ್ಲೇ ಇವೆ. ಕಾಗದದಲ್ಲಿ ತನ್ನದಾಗದ ನೆಲದಲ್ಲಿ, ತಾನು ಕಾಣದ ಕಾಲಕ್ಕೆ ನೆರಳು ಕೊಡುವ ಮರವನ್ನು ಎಪ್ಪತ್ತೈದರ ಮುದುಕ ಏಕೆ ನೆಡಬೇಕು? ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ನಾಳೆ ಈ ಜಾಗ ನಮ್ಮದಲ್ಲ ಅಂತ ಆದರೆ ಅಪ್ಪಯ್ಯ?"

ಅವರು ಗುಂಡಿಯಿಂದ ತಲೆಯೆತ್ತದೆ, "ಆ ಐದು ಮರ ನಮ್ಮದಾಗಿತ್ತೇನೋ?" ಎಂದರು. ಆಮೇಲೆ ಗುದ್ದಲಿ ನನ್ನ ಕೈಗೆ ಕೊಟ್ಟು, "ಇನ್ನೂ ಆಳ ಬೇಕು. ಮೊಣಕಾಲುಮಟ್ಟ ತೆಗಿ" ಎಂದರು.

ಕಳೆದ ಮಳೆಗಾಲದಲ್ಲಿ ಏಳು ಸಸಿ ನೆಟ್ಟೆವು, ಒಂದಕ್ಕೊಂದು ನಲವತ್ತಡಿ ಅಂತರದಲ್ಲಿ. ದನ ಮುಟ್ಟದಂತೆ ಸುತ್ತ ಮುಳ್ಳಿನ ಬೇಲಿ. ಒಂದನ್ನು ಕಾಡುಹಂದಿ ಬುಡಸಮೇತ ಎತ್ತಿಹಾಕಿತು, ಆರು ನಿಂತಿವೆ. ಎತ್ತರ ಇನ್ನೂ ಮೊಮ್ಮಗಳ ಸೊಂಟದಷ್ಟು. ಎರಡರಲ್ಲಿ ಸಂಕ್ರಾಂತಿಯ ಹೊತ್ತಿಗೆ ಹೊಸ ಎಲೆ ಬಂದಿತ್ತು. ನಸುಗೆಂಪು, ಮುಟ್ಟಿದರೆ ರೇಷ್ಮೆ.

ಮೊನ್ನೆ ರಾತ್ರಿ ತಂದೆಯವರು ಮತ್ತೆ ದೂರವಾಣಿಯಲ್ಲಿ ಕರೆದಿದ್ದರು. ಬಿಸಿಲು ಈ ಸಲ ಬೇಗ ಚುರುಗುಟ್ಟುತ್ತಿದೆಯಂತೆ. ಶಿವರಾತ್ರಿಗೆ ಮೊದಲೇ ಆರು ಸಸಿಗೂ ಪಡುವಣ ಮಗ್ಗುಲಿಗೆ ಅಡಿಕೆಸೋಗೆಯ ತಟ್ಟಿ ಕಟ್ಟಬೇಕು. ಸೋಗೆ ಅಲ್ಲಿಯೇ ಇದೆ, ಬರುವಾಗ ಸಾಗರದ ಪೇಟೆಯಿಂದ ಎರಡು ಕಟ್ಟು ತೆಂಗಿನ ನಾರಿನ ಹಗ್ಗ ತರಬೇಕು. ಪ್ಲಾಸ್ಟಿಕ್ಕಿನದು ಬೇಡ, ಬಿಸಿಲಿಗೆ ತುಂಡಾಗುತ್ತದೆ.